ಪಾದ್ರಿಯ ಪರವಾಗಿ ಎಣಿಸಿದ ಒಂದು ಗಂಟೆ

ಎಲ್ಲರೂ ಹೇಳುವ ಕಥೆ ಇದು: ಹದಿನೇಳನೆಯ ಶತಮಾನದ ಇಟಲಿಯ ಆ ಪಾದ್ರಿ ಭೂಮಿ ಸುತ್ತುವುದಿಲ್ಲವೆಂದು ವಾದಿಸಿದ, ಆದ್ದರಿಂದ ಅವನು ವಿಜ್ಞಾನದ ಶತ್ರು. ವಾದಿಸಿದ್ದು ನಿಜ. ಆದರೆ ಬೀಳುವ ವಸ್ತುಗಳ ಬಗ್ಗೆ, ಭೂಮಿ ಸುತ್ತುತ್ತದೆ ಎನ್ನುತ್ತಿದ್ದ ಎದುರಾಳಿ ಹೇಳಿದ್ದನ್ನು ಸುಳ್ಳು ಮಾಡಲು ಗೋಪುರದಿಂದ ಗುಂಡು ಬೀಳಿಸಿದವನೂ ಅವನೇ; ಎದುರಾಳಿಯೇ ಸರಿ ಎಂದು ಕಂಡಾಗ ಅದನ್ನು ಅಚ್ಚು ಹಾಕಿಸಿದವನೂ ಅವನೇ. ಶತ್ರು ಹೀಗೆ ಮಾಡುತ್ತಾನೆಯೇ?

ಎರಡು ಸಾವಿರದ ದಶಕದಲ್ಲಿ, ವಿದೇಶದ ಉಪ್ಸಾಲಾ ನಗರದಲ್ಲಿ ಓದುತ್ತಿದ್ದಾಗ, ಶಾಲೆಯ ಚರ್ಚೆಯಲ್ಲಿ ನನ್ನ ಪಾಲಿಗೆ ಬಂದದ್ದು ಪಾದ್ರಿಯ ಪಕ್ಷ. ಗೆದ್ದರೆ ಶಾಲೆಯ ಚರ್ಚಾ ತಂಡದಲ್ಲಿ ಜಾಗ. ಅದಕ್ಕಾಗಿ ಎರಡು ವರ್ಷ ಕಾದಿದ್ದೆ.

ಕಾಲವನ್ನು ಅಳೆಯಲು ಪಾದ್ರಿ ಲೋಲಕವೊಂದನ್ನು ತೂಗುಬಿಟ್ಟು, ಮಠದ ಸಂಗಡಿಗರಿಂದ ಸರದಿಯ ಮೇಲೆ ಇಡೀ ದಿನ ಅದರ ಓಲಾಟ ಎಣಿಕೆ ಮಾಡಿಸಿದ್ದ. ಮನುಷ್ಯರ ಎಣಿಕೆಯನ್ನು ನಂಬಬಹುದೆಂದು ತೋರಿಸಲು ನಾನೂ ಭಾನುವಾರ ಕರ್ಟನ್ ಕಂಬಿಗೆ ದಾರ ಕಟ್ಟಿ ಹಿತ್ತಾಳೆ ಬೀಗ ತೂಗುಬಿಟ್ಟೆ. ಅರ್ಧ ಗಂಟೆ ಅಮ್ಮ, ಅರ್ಧ ಗಂಟೆ ಅಪ್ಪ.

"ನೂರಾ ಇಪ್ಪತ್ತೇಳು ಅನ್ನೋಷ್ಟರಲ್ಲಿ ಬೀಗ ಎರಡು ಸಲ ಆಡಿರುತ್ತೆ. ಬೆರಳಲ್ಲೇ ಎಣಿಸ್ತೀನಿ, ಸುತ್ತಿಗೊಂದು ಗೀಟು ಹಾಕು," ಎಂದಳು ಅಮ್ಮ. ಅಪ್ಪನೂ ಹಾಗೇ ಎಣಿಸಿದರು. ನಾಲ್ಕು ಬೆರಳು, ತಲಾ ಮೂರು ಗೆಣ್ಣು. ನಾನು ಗೀಟುಗಳನ್ನು ಹನ್ನೆರಡರಿಂದ ಗುಣಿಸಿದೆ. ಅಮ್ಮನ ಲೆಕ್ಕ ವಿಪರೀತ ಜಾಸ್ತಿ ಬಂತು.

"ನಿಮ್ಮಮ್ಮನ್ನ ಕಂಡ್ರೆ ಬೀಗಾನೂ ಹೆದರಿ ಓಡುತ್ತೆ ಕಣೋ," ಎಂದರು ಅಪ್ಪ. "ನಾಳೆ ನಂದು ಮಾತ್ರ ಹೇಳು, ಸಾಕು."

"ಇನ್ನೊಂದ್ಸಲ ಎಣಿಸಿ ತೋರಿಸಮ್ಮ," ಎಂದೆ. ಅವಳ ಹೆಬ್ಬೆರಳು ನಡುಬೆರಳಿನ ಎರಡು ಗೆಣ್ಣುಗಳನ್ನು ಮುಟ್ಟದೆ ದಾಟಿತು.

"ಜಪದಲ್ಲಿ ಅಲ್ಲಿ ಮುಟ್ಟಬಾರದು. ಅಷ್ಟೂ ಗೊತ್ತಿಲ್ವಾ?"

ಅವಳ ಸುತ್ತು ಹತ್ತರದ್ದು. ಹತ್ತರಿಂದ ಗುಣಿಸಿದಾಗ ಇಬ್ಬರ ಲೆಕ್ಕವೂ ಹತ್ತಿರ ಹತ್ತಿರ ತಾಳೆಯಾಯಿತು. ತಪ್ಪಿದ್ದು ಎಣಿಸಿದವರಲ್ಲ, ಗುಣಿಸಿದ ನಾನು. ಆದರೆ ಬೇಕಾದ ಉತ್ತರ ಬಂದಮೇಲೆ ನಾನು ಸುಮ್ಮನಾದೆನೇ ಎಂಬ ಅನುಮಾನ ಬಿಡಲಿಲ್ಲ. ಇಬ್ಬರನ್ನೂ ಮತ್ತೆ ಎಣಿಸಲು ಕೂರಿಸಿದೆ. ಅಮ್ಮ ಬೈದುಕೊಂಡೇ ಎಣಿಸಿದಳು. ಮತ್ತೆ ತಾಳೆಯಾಯಿತು.

ಮರುದಿನ ಚರ್ಚೆಯಲ್ಲಿ ಮೊದಲ ತಪ್ಪು ಲೆಕ್ಕವನ್ನೂ ಬಿಡದೆ ಹೇಳಿದೆ. ಎದುರಾಳಿ ಹುಡುಗಿ ಅದನ್ನೇ ಹಿಡಿದುಕೊಂಡಳು: "ಒಂದು ಮನೆಯೊಳಗೇ ಎಣಿಕೆ ತಾಳೆಯಾಗದಿದ್ದರೆ ಮಠದಲ್ಲಿ ಹೇಗೆ ಆದೀತು?" ಸಭೆ ನಕ್ಕಿತು. ತೀರ್ಪುಗಾರರಾಗಿದ್ದ ನಮ್ಮ ಮೇಷ್ಟ್ರು ಅಂಕ ಕತ್ತರಿಸಿದರು. ಜಾಗ ಅವಳಿಗೆ ಹೋಯಿತು. ನನ್ನ ಬೆನ್ನು ಮಾತ್ರ ಅಂದು ಬಾಗಲಿಲ್ಲ. ನನ್ನ ಅಪ್ಪ ಅಮ್ಮ ಎಣಿಸಿದ್ದು ಸರಿಯಾಗಿತ್ತು, ನಾನು ಹೇಳಿದ್ದೂ.

ಆಮೇಲೆ, ಇಲ್ಲಿಯವರು ಫೀಕಾ ಎನ್ನುವ ಕಾಫಿ ವಿರಾಮದಲ್ಲಿ, ಲೋಟ ಹಿಡಿದು ನಿಂತಿದ್ದ ಮೇಷ್ಟ್ರ ಬಳಿ ಹೋದೆ. ಇಲ್ಲಿ ಮೇಷ್ಟ್ರಿಗೂ ನೀನು ಎನ್ನುವುದೇ ರೂಢಿ.

"ಅಮ್ಮನ ಅರ್ಧ ಗಂಟೆಯನ್ನು ನಾನು ಮುಚ್ಚಿಟ್ಟಿದ್ದರೆ," ಎಂದು ಕೇಳಿದೆ, "ನೀನು ನನಗೆ ಪೂರ್ತಿ ಅಂಕ ಕೊಡುತ್ತಿದ್ದೆಯಾ?"