ಆರುನೂರು ಡಿಪಿಐನಲ್ಲಿ ನನ್ನ ಗೆರೆ

ದಸರಾ ಮುಗಿದ ಮಾರನೇ ದಿನ ಸಂಪಾದಕರ ಫೋನ್ ಬಂತು. "ಮೇಡಂ, ಸ್ಕ್ಯಾನ್ ಕ್ಲೀನ್ ಇಲ್ಲ. ಗೆರೆಯೆಲ್ಲ ಗರಗಸದ ಹಲ್ಲಿನ ಥರ ಕಾಣ್ತಾ ಇದೆ. ಇನ್ನೊಂದ್ಸಲ ಮಾಡಿ ಕಳಿಸ್ಬಿಡಿ. ಶುಕ್ರವಾರ ಸಂಜೆ ಒಳಗೆ ಬೇಕು."

ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ, ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಆದ್ರೂ ಅವತ್ತು ತಡ್ಕೊಂಡೆ. "ನೋಡ್ತೀನಿ ಸಾರ್" ಅಂದೆ. ಅವರು ಫೋನ್ ಇಡೋ ಮುಂಚೆ ಇನ್ನೊಂದು ಮಾತು ಸೇರಿಸಿದ್ರು: "ಆಗಲ್ಲ ಅಂದ್ರೆ ಹೇಳಿ ಮೇಡಂ, ಬೇಜಾರಿಲ್ಲ. ಟ್ಯಾಬ್ಲೆಟ್ ಮೇಲೇ ಬರೆಯೋ ಹುಡುಗರು ನಮ್ಮ ಹತ್ರ ಇದಾರೆ."

ಬೇಜಾರಿಲ್ವಂತೆ! ಮೈಯೆಲ್ಲ ಉರಿದುಹೋಯ್ತು.

ಅದು ಮಕ್ಕಳ ಪುಸ್ತಕ, ಒಂದು ಆನೆಯ ಕಥೆ. ಚಿತ್ರಗಳಿಗೆ ನಾನು ಇಂಕಿನಲ್ಲಿ ಗೆರೆ ಮಾತ್ರ ಬರೀತೀನಿ. ಬಣ್ಣ ತುಂಬೋದು ಇನ್ಯಾರೋ, ಕಂಪ್ಯೂಟರ್‌ನಲ್ಲಿ. ಹಾಗಾಗಿ ಗೆರೆ ಕಡುಕಪ್ಪಾಗಿರಬೇಕು, ಕಾಗದ ಹಾಲಿನಷ್ಟು ಬೆಳ್ಳಗಿರಬೇಕು, ನಡುವೆ ಒಂದು ಧೂಳಿನ ಚುಕ್ಕಿಯೂ ಇರಬಾರದು. ಆನೆಯ ಹಣೆಯಿಂದ ಶುರುಮಾಡಿ ಬೆನ್ನ ಮೇಲಿಂದ ಬಾಲದ ತುದಿವರೆಗೆ ಒಂದೇ ಎಳೆತ, ಅದು ನನ್ನ ಗೆರೆ. ಕೆಳಗೆ ಹೆಸರು ಹಾಕದಿದ್ರೂ ಪುಸ್ತಕದ ಅಂಗಡೀಲಿ ನೋಡಿದವರು ನನ್ನದು ಅಂತ ಗುರುತು ಹಿಡೀತಾರೆ. ನನಗೆ ಮದುವೆಯಿಲ್ಲ, ಡಿಗ್ರಿ ಅರ್ಧಕ್ಕೆ ನಿಂತಿದ್ದು, ಬೇರೆ ಕಸುಬು ಗೊತ್ತಿಲ್ಲ. ಇದೊಂದು ಹೋದರೆ ನಾನು ಯಾರು ಅಂತ ನನಗೇ ಗೊತ್ತಾಗಲ್ಲ.

ಫೈಲ್ ತೆರೆದು ದೊಡ್ಡದು ಮಾಡಿ ನೋಡಿದೆ. ಕಾಗದದ ಮೇಲೆಲ್ಲ ಮಂಜು ಕವಿದ ಹಾಗೆ ಬೂದು ಬಣ್ಣ. ಅಡ್ಡಡ್ಡ ಮೂರು ಪಟ್ಟೆ. ಎಲ್ಲಿಂದ ಬಂತಪ್ಪ ಇದು ಅಂತ ಸ್ಕ್ಯಾನರ್ ಮುಚ್ಚಳ ಎತ್ತಿ ಗಾಜಿನ ಮೇಲೆ ಬೆಳಕು ಬಿಟ್ಟು ನೋಡಿದ್ರೆ, ಅಯ್ಯೋ ಶಿವನೇ, ವಿಭೂತಿ! ಮೂರು ಬೆರಳಿನ ಗುರುತು ಸಮೇತ.

ಮನೇಲಿ ಇರೋದು ನಾನು, ಅವ್ವ, ಇಬ್ಬರೇ. ಅವ್ವ ಗದಗದ ಕಡೆಯವಳು. ಬಸವೇಶ್ವರನಗರಕ್ಕೆ ಬಂದು ನಾನು ಹುಟ್ಟಿ ಬೆಳೆದು ತಲೆ ನರೆತರೂ ಅವಳ ಮಾತು ಮಾತ್ರ ಇವತ್ತೇ ರೈಲಿಳಿದ ಹಾಗಿದೆ. ನವಮಿ ದಿನ ಅವಳು ಮಿಕ್ಸಿ, ಹೊಲಿಗೆ ಮಷೀನು, ಈಳಿಗೆಮಣೆ, ನನ್ನ ಸ್ಕೂಟರು ಎಲ್ಲಕ್ಕೂ ಪೂಜೆ ಮಾಡಿದ್ದು ನನಗೆ ಗೊತ್ತಿತ್ತು. ಸ್ಕ್ಯಾನರ್ ಮುಚ್ಚಳ ತೆಗೆದು ಗಾಜಿಗೇ ಹಚ್ತಾಳೆ ಅಂತ ಯಾರಿಗೆ ಗೊತ್ತು?

"ಅವ್ವಾ! ಗಾಜಿಗೆ ಯಾಕ್ ಹಚ್ಚಿದಿ?" ಸಿಟ್ಟು ಬಂದಾಗ ನನ್ನ ಬಾಯಲ್ಲೂ ಗದಗ ಬಂದುಬಿಡುತ್ತೆ.

ಅವಳು ಅಡುಗೆಮನೆಯಿಂದಾನೇ ಹೇಳಿದಳು, "ಮತ್ತೆಲ್ಲಿ ಹಚ್ಚಬೇಕಿತ್ತು? ಮ್ಯಾಲಿನ ಮುಚ್ಚಳಕ್ಕ ಹಚ್ಚಿದ್ರ ಅದಕ್ಕ ಮುಟ್ಟತೈತೇನು? ಅದರ ಮಾರಿ ಒಳಗೈತಿ."

"ಒರೆಸಿದ್ದಾದ್ರೂ ಯಾಕೆ? ಹಸಿ ಬಟ್ಟೇಲಿ ಒರೆಸಿ ರಾಡಿ ಮಾಡಿಟ್ಟೀಯಲ್ಲ!"

"ನೀ ಬೈತಿ ಅಂತ ಒರಸೀನಿ. ಒರಸಿದ್ರೂ ಬೈತಿ. ಬೈಯೂ ಬಾಯಿಗೆ ನೆವ ಬೇಕಷ್ಟ."

ನಾನು ಬಾಯಿಗೆ ಬಂದಂಗೆ ಅಂದೆ. ನಿನ್ನ ಮಡಿ, ನಿನ್ನ ಪೂಜೆ ನನ್ನ ಅನ್ನ ಕಿತ್ಕೊಳ್ತಾ ಇದೆ ಅಂದೆ. ಎಲುಬಿಲ್ಲದ ನಾಲಿಗೆ. ಅವ್ವ ಒಗ್ಗರಣೆ ಹಾಕ್ತಾ ನಿಂತಳು.

ಸ್ಪಿರಿಟ್ಟಲ್ಲಿ ಗಾಜು ಒರೆಸಿ, ಒಣಗಿದ ಮಸ್ಲಿನ್ ಬಟ್ಟೇಲಿ ಇನ್ನೊಮ್ಮೆ ಉಜ್ಜಿ, ಗಾಳಿ ಊದೋ ರಬ್ಬರ್ ಬುಗ್ಗೆಯಿಂದ ಮೂಲೆ ಮೂಲೆ ಊದಿದೆ. ಚಿತ್ರದ ಹಿಂದೆ ಕಪ್ಪು ಕಾರ್ಡ್ ಇಟ್ಟೆ, ಇನ್ನೊಂದು ಬದಿಯ ಪೆನ್ಸಿಲ್ ಗುರುತು ಕಾಣದ ಹಾಗೆ. ಆರುನೂರು ಡಿಪಿಐಗೆ ಇಟ್ಟೆ, ಅಂದ್ರೆ ಇಂಚಿಗೆ ಆರುನೂರು ಚುಕ್ಕಿ. ನೇರವಾಗಿ ಕಪ್ಪು-ಬಿಳುಪಲ್ಲಿ ತಗೊಂಡ್ರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತೆ, ಅದಕ್ಕೆ ಬೂದು ಛಾಯೆಗಳೂ ಬರೋ ಗ್ರೇ ಮೋಡ್‌ನಲ್ಲೇ ತಗೊಂಡೆ. ಆಮೇಲೆ ಕಂಪ್ಯೂಟರ್‌ನಲ್ಲಿ ಬೂದುಬಣ್ಣವನ್ನ ಅಳಿಸ್ತಾ ಕಪ್ಪನ್ನ ಗಟ್ಟಿ ಮಾಡ್ತಾ ಹೋದೆ. ಪಟ್ಟೆ ಹೋಯ್ತು, ಮಂಜು ಹೋಯ್ತು, ಕಾಗದ ಬೆಳ್ಳಗಾಯ್ತು.

ಆನೆಯ ಬೆನ್ನನ್ನ ದೊಡ್ಡದು ಮಾಡಿದೆ. ಗರಗಸ ಹಾಗೇ ಇತ್ತು.

ಗಾಜು ಸರಿಹೋದ ಮೇಲೂ ಹೀಗಂದ್ರೆ ಬೇರೇನೋ ಅಲುಗಾಡ್ತಿದೆ ಅಂತ ಲೆಕ್ಕ ಹಾಕಿದೆ. ಸ್ಕ್ಯಾನರ್ ದೀಪ ನಿಧಾನಕ್ಕೆ ಸರಿಯುವಾಗ ಟೇಬಲ್ ಅದುರಿದ್ರೆ ಗೆರೆ ಒಡೆಯುತ್ತೆ. ನಮ್ಮ ಮನೆ ಮಾಗಡಿ ರಸ್ತೆಗೆ ಎರಡನೇ ಅಡ್ಡರಸ್ತೆ. ಬ್ಯಾಡರಹಳ್ಳಿ ಕಡೆ ಜಲ್ಲಿ ಹೊತ್ಕೊಂಡು ಹೋಗೋ ಲಾರಿಗಳಿಗೆ ಕಿಟಕಿ ಗಾಜೇ ಗಡಗಡ ಅನ್ನುತ್ತೆ. ಸರಿ, ಸ್ಕ್ಯಾನರನ್ನ ನೆಲಕ್ಕಿಳಿಸಿದೆ. ಕೆಳಗೆ ಯೋಗದ ಚಾಪೆ ಹಾಸಿದೆ. ಫ್ಯಾನ್ ಆರಿಸಿದೆ. ಅವ್ವನಿಗೆ "ನಡೀಬೇಡ, ಕೂತ್ಕೋ" ಅಂದೆ. ಪಾಪ, ಅವಳು ಸೋಫಾದ ಮೇಲೆ ಕಾಲು ಮೇಲೆತ್ತಿಕೊಂಡು ಉಸಿರಾಡೋಕೂ ಹೆದರಿದವಳ ಹಾಗೆ ಕೂತಳು. ಬೆವರು ಇಳೀತಾ ಇತ್ತು. ದೀಪ ಈ ಕಡೆಯಿಂದ ಆ ಕಡೆ ಹೋಗಿ ಮುಟ್ಟೋವರೆಗೆ ಬೀದೀಲಿ ಒಂದು ಲಾರಿಯೂ ಬರಲಿಲ್ಲ. ನೋಡಿದೆ. ಅದೇ ಗರಗಸ.

"ಚಾ ಕುಡಿ" ಅಂತ ಅವ್ವ ಲೋಟ ತಂದುಕೊಟ್ಟಳು. ತಗೊಂಡೆ. ಚಾ ತಟ್ಟೆಗೆ ತುಳುಕಿತು. ಅವ್ವ ನನ್ನ ಕೈಯನ್ನೇ ನೋಡ್ತಾ, "ಯಾಕ ಕೈ ನಡಗಾಕತ್ತೈತಿ?" ಅಂದಳು.

"ನಿನ್ನಿಂದಾನೇ! ಬೆಳಗ್ಗಿಂದ ತಲೆ ಕೆಟ್ಟು ಕೂತಿದೀನಿ, ಇನ್ನೇನ್ ಕೈ ಕುಣಿಯಲ್ವಾ?"

"ಇದು ಇವತ್ತಿಂದಲ್ಲ ಬಿಡವ್ವಾ" ಅಂದಳು. ನಾನು ಕೇಳಿಸದವಳ ಹಾಗೆ ಎದ್ದು ಹೋದೆ.

ಮಾರನೇ ದಿನ ಚಿತ್ರಗಳನ್ನೆಲ್ಲ ಫೋಲಿಯೋ ಚೀಲದಲ್ಲಿ ಹಾಕ್ಕೊಂಡು ರಾಜಾಜಿನಗರಕ್ಕೆ ಹೋದೆ. ಅಲ್ಲೊಂದು ಅಂಗಡೀಲಿ ಮನೆ ಪ್ಲ್ಯಾನು, ದೊಡ್ಡ ದೊಡ್ಡ ನಕ್ಷೆ ಎಲ್ಲ ಸ್ಕ್ಯಾನ್ ಮಾಡ್ತಾರೆ. ಮಷೀನು ನಮ್ಮನೆ ಡೈನಿಂಗ್ ಟೇಬಲ್ಲಿನಷ್ಟಿದೆ. ಅಂಗಡಿಯವನು ಬೇಸರವಿಲ್ಲದೆ ಆನೆಯನ್ನ ಮಲಗಿಸಿ ಮುಚ್ಚಳ ಹಾಕಿದ. ನಾನು ಅವನ ಕುರ್ಚಿಯ ಹಿಂದೆ ನಿಂತು ಪರದೆ ನೋಡ್ತಾ ಇದ್ದೆ.

"ಇನ್ನೂ ದೊಡ್ಡದು ಮಾಡಿ."

ಮಾಡಿದ. ಗರಗಸ.

"ಇದೇನ್ರೀ, ನಿಮ್ಮ ಮಷೀನೂ ಹೀಗೇನಾ?"

"ಮಷೀನ್ ಚೆನ್ನಾಗಿದೆ ಮೇಡಂ. ಈಗಷ್ಟೇ ಸರ್ವಿಸ್ ಆಗಿದೆ."

"ಯಾವ ಸರ್ವಿಸ್? ಗೆರೆ ನೋಡ್ರೀ, ಹೆಂಗೆ ಕಚ್ಚುಕಚ್ಚಾಗಿದೆ! ನಾನು ಬರೆಯೋ ಗೆರೆ ಹೀಗಿರಲ್ಲ. ನನ್ನ ಗೆರೆ ಹೇಗಿರುತ್ತೆ ಅಂತ ತೋರಿಸ್ತೀನಿ ಇರಿ."

ಅಂಗಡೀಲಿ ಸರದೀಲಿ ನಿಂತಿದ್ದವರೆಲ್ಲ ತಿರುಗಿ ನೋಡಿದ್ರು. ನನಗೆ ಯಾವ ನಾಚಿಕೇನೂ ಆಗಲಿಲ್ಲ. ಫೋಲಿಯೋದ ಹಿಂದಿನ ಜೇಬಲ್ಲಿ ಯಾವುದೋ ಹಳೇ ಪುಸ್ತಕಕ್ಕೆ ಬರೆದ ಎಮ್ಮೆಯ ಚಿತ್ರ ಇತ್ತು, ಹೊಸಬರಿಗೆ ತೋರಿಸೋಕೆ ಅಂತ ಯಾವಾಗಲೂ ಇಟ್ಟಿರ್ತೀನಿ. ಅದನ್ನ ತೆಗೆದು ಅವನ ಮುಂದೆ ಕುಕ್ಕಿದೆ. "ಇದನ್ನ ಹಾಕಿ. ಇದನ್ನೂ ನಿಮ್ಮ ಮಷೀನು ಹರಿದು ಚಿಂದಿ ಮಾಡುತ್ತೆ, ಆಗ ಮಾತಾಡೋಣ."

ಹಾಕಿದ. ಪರದೆ ಮೇಲೆ ಎಮ್ಮೆ ಬಂತು. ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಎಮ್ಮೆಯ ಕೊಂಬಿನ ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಬಾಗಿಕೊಂಡು ಹೋಗಿತ್ತು, ಅಂಚು ಎರಡೂ ಕಡೆ ನುಣುಪಾಗಿತ್ತು. ಅದೇ ಮಷೀನು, ಅದೇ ಗಾಜು, ಅದೇ ನಿಬ್ಬು.

"ನೋಡಿ ಮೇಡಂ!" ಅಂಗಡಿಯವನಿಗೆ ಖುಷಿಯೋ ಖುಷಿ. "ನಾನ್ ಹೇಳಲಿಲ್ವಾ, ಮಷೀನ್ ಫಸ್ಟ್ ಕ್ಲಾಸ್ ಇದೆ!"

ಹೂಂ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ಚಿಕ್ಕಂದಿನಿಂದ ಎಷ್ಟು ಸಲ ಬೇರೆಯವರಿಗೆ ಅಂದಿದ್ದೆನೋ. ಚಿತ್ರಗಳನ್ನ ಎತ್ಕೊಂಡು ಹೊರಗೆ ಬಂದೆ. ಸ್ಕೂಟರ್ ಪಕ್ಕದಲ್ಲಿ ನಿಂತು ಬಲಗೈ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ ನೋಡಿದೆ. ಬಿಸಿಲಲ್ಲಿ ಎಲ್ಲರೂ ಓಡಾಡ್ತಿದ್ರು. ತೋರುಬೆರಳೂ ಮಧ್ಯದ ಬೆರಳೂ ಸಣ್ಣಗೆ ಅದುರ್ತಾ ಇದ್ವು, ನಿಲ್ಲು ಅಂದ್ರೂ ನಿಲ್ಲಲಿಲ್ಲ. ಭಯ ಅಂದ್ರೆ ಭಯ, ಅಲ್ಲೇ ಫುಟ್‌ಪಾತ್ ಮೇಲೆ ಕೂತುಬಿಡೋಣ ಅನ್ನಿಸ್ತು.

ಮನೆಗೆ ಬಂದವಳು ಬಾಗಿಲು ಹಾಕ್ಕೊಂಡೆ. ಶುಕ್ರವಾರ ನಾಳೆಯೇ. ಮತ್ತೆ ಬರೆಯೋಕೆ ಹೊತ್ತಿಲ್ಲ, ಹೊತ್ತಿದ್ರೂ ಬರೆಯೋದು ಇದೇ ಕೈ. ಕಂಪ್ಯೂಟರ್‌ನಲ್ಲಿ ಗೆರೆಯನ್ನ ನಯ ಮಾಡೋ ಒಂದು ಸೌಲಭ್ಯ ಇದೆ. ಒಂದು ಗುಂಡಿಯನ್ನ ಬಲಕ್ಕೆ ಎಳೀತಾ ಹೋದ್ರೆ ಗೆರೆಯ ಏರುಪೇರೆಲ್ಲ ಕರಗುತ್ತೆ. ಇಷ್ಟು ವರ್ಷ ಅದನ್ನ ಮುಟ್ಟಿರಲಿಲ್ಲ. ಅದನ್ನ ಬಳಸೋರನ್ನ ಕಂಡ್ರೆ ನನಗೆ ತಾತ್ಸಾರ, ಎಷ್ಟೋ ಜನರ ಮುಖಕ್ಕೇ ಹೇಳಿದೀನಿ. ಅವತ್ತು ಎಳೆದೆ. ಆನೆಯ ಬೆನ್ನು ನುಣ್ಣಗಾಯ್ತು. ಜಾಸ್ತಿ ನುಣ್ಣಗಾಯ್ತು, ಸಾಬೂನಿನಲ್ಲಿ ಮಾಡಿಟ್ಟ ಆನೆ ಥರ. ನನ್ನ ಆನೆ ಅಲ್ಲ ಅದು. ಆದ್ರೂ ಒಂದೊಂದೇ ಚಿತ್ರ ತೆಗೆದು ಎಲ್ಲಕ್ಕೂ ಅದನ್ನೇ ಮಾಡಿ ಕಳಿಸಿದೆ.

ಶುಕ್ರವಾರ ಮಧ್ಯಾಹ್ನವೇ ಸಂಪಾದಕರು ಫೋನ್ ಮಾಡಿದ್ರು. "ಸೂಪರ್ ಮೇಡಂ! ನೋಡಿ, ಸ್ಕ್ಯಾನ್ ಕ್ಲೀನಾಗಿ ಮಾಡಿದ್ರೆ ಎಷ್ಟು ವ್ಯತ್ಯಾಸ! ಸ್ಕ್ಯಾನರ್ ಬದಲಾಯಿಸಿದ್ರಾ?"

"ಹೌದು ಸಾರ್" ಅಂದೆ.

ಅವರಿಗೆ ಗೊತ್ತಾಗಲಿಲ್ಲ. ನನ್ನ ಗೆರೆ ಹೋಗಿದೆ ಅಂತ ನನ್ನ ಸಂಪಾದಕರಿಗೇ ಗೊತ್ತಾಗಲಿಲ್ಲ! ಸಮಾಧಾನ ಆಗಬೇಕಿತ್ತು. ನನಗೆ ಅಳು ಬಂತು.

ಅವ್ವ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿಂದಲೋ. "ಅತ್ತದ್ದು ಸಾಕು. ಸೋಮವಾರ ದವಾಖಾನಿಗೆ ಹೋಗೂಣು. ನಾ ಕೇಳೀನಿ, ವಿಜಯನಗರದಾಗ ನರದ ಡಾಕ್ಟರ್ ಅದಾರಂತ."

"ನನಗೇನಾಗಿದೆ? ನಾನ್ಯಾಕೆ ಬರ್ಲಿ?"

"ನಾ ಹೊಂಟೀನಿ. ನೀ ಜೋಡಿ ಬಾ" ಅಂದಳು, ನೆಂಟರ ಮನೆಗೆ ಕರೆಯೋ ಹಾಗೆ.

ಸೋಮವಾರ ಹೋದ್ವಿ. ಬೇಡ ಬೇಡ ಅಂತಾನೇ ಹೋದೆ. ದಾರಿಯುದ್ದಕ್ಕೂ ಅವ್ವ ಸ್ಕೂಟರ್ ಹಿಂದೆ ಕೂತು ನನ್ನ ಹೆಗಲು ಹಿಡ್ಕೊಂಡಿದ್ದಳು. ಕೌಂಟರಿನ ಹುಡುಗಿ ಅವ್ವನನ್ನ ನೋಡಿ, "ಅಜ್ಜಿಗೆ ಏನ್ ತೊಂದ್ರೆ?" ಅಂದಳು. "ಅವರಿಗಲ್ಲ, ನನಗೆ" ಅನ್ನೋದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡೀತು.

ಡಾಕ್ಟರ್ ನನಗಿಂತ ಸ್ವಲ್ಪ ದೊಡ್ಡೋರು, ಸಮಾಧಾನದ ಮನುಷ್ಯ. ಕೈ ಚಾಚಿಸಿದ್ರು, ಮೂಗು ಮುಟ್ಟಿಸಿದ್ರು, ನಡೆಸಿ ನೋಡಿದ್ರು. ಆಮೇಲೆ ಒಂದು ಬಿಳಿ ಹಾಳೆ, ಒಂದು ಬಾಲ್ ಪೆನ್ ಕೊಟ್ಟು, "ಚಕ್ಕುಲಿ ಸುತ್ತೋ ಹಾಗೆ ಒಂದು ಸುರುಳಿ ಬರೀರಿ. ಕೈ ಟೇಬಲ್‌ಗೆ ಆನಿಸ್ಬೇಡಿ" ಅಂದ್ರು.

ಬರೀರಿ ಅಂದ್ರು! ಈ ಮನುಷ್ಯನ ಮುಂದೆ, ಪೇಷೆಂಟ್ ಆಗಿ, ನಾನು ಗೆರೆ ಬರೀಬೇಕು. ಇಲ್ಲ, ನನ್ನ ಗೆರೆ ಇಲ್ಲಿ ಸೋಲಬಾರದು ಅಂದ್ಕೊಂಡೆ. ಗೆರೆಯ ಕೆಲಸ ಮಾಡೋರಿಗೆಲ್ಲ ಗೊತ್ತಿರೋ ಒಂದು ಉಪಾಯ ಇದೆ: ಪೆನ್ನು ಕಾಗದ ಮುಟ್ಟೋ ಮುಂಚೆ ಅರ್ಧ ಉಸಿರು ಬಿಟ್ಟು, ಉಳಿದರ್ಧ ಒಳಗೇ ಹಿಡಿದುಬಿಡೋದು. ಮಣಿಕಟ್ಟು ಬಿಗಿದು, ಬೆರಳಿಂದಲ್ಲ, ಭುಜದಿಂದ ಎಳೆಯೋದು. ಹಿಡಿದ ಉಸಿರು ಮುಗಿಯೋವರೆಗೆ ಕೈ ಕಲ್ಲು. ಹಾಗೇ ಹಿಡಿದೆ, ಎಳೆದೆ. ಒಂದು ಸುತ್ತು, ಎರಡು, ಮೂರು. ಬರಿಗಣ್ಣಿಗೆ ಚೆನ್ನಾಗೇ ಬಂತು, ಆನೆಯ ಗೆರೆಯ ಹಾಗೇ; ಇಲ್ಲಿ ದೊಡ್ಡದು ಮಾಡಿ ತೋರಿಸೋ ಸ್ಕ್ಯಾನರ್ ಇರಲಿಲ್ಲ.

ಡಾಕ್ಟರ್ ಹಾಳೆ ಎತ್ತಿ ನೋಡಿದ್ರು. ಹುಬ್ಬು ಮೇಲೇರಿತು. "ಪರವಾಗಿಲ್ವಲ್ಲ. ಅಂಥದ್ದೇನೂ ಕಾಣ್ತಿಲ್ಲ. ಟೆನ್ಷನ್ ಇರಬಹುದು. ನಿದ್ದೆ ಮಾಡಿ, ಆರು ತಿಂಗಳು ಬಿಟ್ಟು ನೋಡೋಣ."

ಗೆದ್ದುಬಿಟ್ಟೆ. ಪರ್ಸ್ ತಗೊಂಡು ಅರ್ಧ ಎದ್ದೂಬಿಟ್ಟಿದ್ದೆ.

"ಸಾಹೇಬ್ರ" ಅಂದಳು ಅವ್ವ. "ಆಕಿ ಉಸಿರು ಹಿಡದಿದ್ಲರಿ. ಸಣ್ಣಾಕಿ ಇದ್ದಾಗಿಂದ ನೋಡೀನಿ, ಬರಿಯೂ ಮುಂದ ಹಂಗ ಹಿಡೀತಾಳ. ಉಸಿರು ಬಿಟ್ಟು ಬರಿ ಅನ್ರಿ."

ಅವಳನ್ನ ಸುಡೋ ಹಾಗೆ ನೋಡಿದೆ. ಅವಳು ನನ್ನ ಮುಖ ನೋಡಲೇ ಇಲ್ಲ, ಡಾಕ್ಟರನ್ನೇ ನೋಡ್ತಿದ್ದಳು. ಕಣ್ಣು ತುಂಬಿತ್ತು. ಡಾಕ್ಟರ್ ಇನ್ನೊಂದು ಹಾಳೆ ನನ್ನ ಕಡೆ ಸರಿಸಿದ್ರು.

"ಬಿಡವಾ" ಅಂದಳು ಅವ್ವ, ಮೆಲ್ಲಗೆ. "ಇಲ್ಲಿ ಬಿಡು."

ಉಸಿರು ಬಿಟ್ಟೆ, ಪೆನ್ನನ್ನ ಹಾಳೆಗೆ ಊರಿದೆ. ಮೊದಲನೇ ಸುತ್ತಲ್ಲೇ ಗೆರೆ ನಡುಗ್ತಾ ಹೋಯ್ತು, ಮೂರೂ ಜನ ಅದನ್ನ ನೋಡ್ತಾ ಕೂತಿದ್ವಿ.