ಕೆರೆದಂಡೆಯ ಬಂಡೆಗೆ ಹೆಸರಿಡುವ ಹಕ್ಕು

ಕೋವಿಡ್ ಮುಗಿದ ಮರುವರ್ಷದ ಚಳಿಗಾಲ. ಬಳ್ಳಾರಿಯಲ್ಲಿ ಲಾರಿಗಳಿಗೆ ಹಗ್ಗ, ಟಾರ್ಪಾಲಿನ್ ಮಾರುತ್ತಿದ್ದ ನಾನು ಅಷ್ಟರಲ್ಲಿ ಕುರುಗೋಡಿನ ಗುಡ್ಡಗಳಲ್ಲಿ ಕ್ಲೈಂಬಿಂಗ್ ಗೈಡ್ ಆಗಿ ನೆಲೆಯೂರಿದ್ದೆ. ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಹತ್ತಲು ಬಂದವರಿಗೆ ಹಗ್ಗ ಕೊಟ್ಟು, ಬದಲಿಗೆ ವಿದ್ಯೆ ಕೇಳಿ ಪಡೆದದ್ದು.

ಊರಾಚೆಯ ಕೆರೆದಂಡೆಯಲ್ಲಿ ಒಂದು ಕಡಿದಾದ ಗ್ರಾನೈಟ್ ಬಂಡೆ ಇದೆ. ಎರಡು ಚಳಿಗಾಲ ನಾನೇ ಅದಕ್ಕೆ ನೇತುಬಿದ್ದು ಪಾಚಿ ಕೆರೆದು ಬೋಲ್ಟ್ ಹೊಡೆದಿದ್ದೆ. ಬೋಲ್ಟ್ ಎಂದರೆ ಬಂಡೆಯೊಳಗೆ ಕೂರಿಸುವ ಉಕ್ಕಿನ ಮೊಳೆ. ಹತ್ತುವವನು ತನ್ನ ಹಗ್ಗವನ್ನು ಅದಕ್ಕೆ ಸಿಕ್ಕಿಸುತ್ತಾ ಮೇಲೇರುತ್ತಾನೆ. ನಮ್ಮಲ್ಲೊಂದು ಕಟ್ಟಳೆ: ಬೀಳದೆ ಮೊದಲು ತುದಿ ಮುಟ್ಟಿದವನೇ ಆ ದಾರಿಗೆ ಹೆಸರಿಡಬೇಕು. ಬೋಲ್ಟ್ ಹೊಡೆದವನಿಗೆ ಮೊದಲ ಸರದಿ, ಅಷ್ಟೆ. ಹೆಂಡತಿ ಶಾಂತಾಳ ಹೆಸರಿಡುತ್ತೇನೆಂದು ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ಆ ಬೆಳಿಗ್ಗೆ ನುಣುಪಾದ ನಡುಭಾಗದಲ್ಲಿ ಜಾರಿ ಹಗ್ಗಕ್ಕೆ ಜೋತುಬಿದ್ದೆ. ಮುಂದಿನ ಸರದಿ ಸಿರುಗುಪ್ಪದ ಗೈಡ್ ವೀರೇಶನದು. ಉದ್ದ ಕಾಲಿನ ಆಸಾಮಿ. ಅವನು ಹತ್ತಿದರೆ ಕೆರೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ಹತ್ತಿದರೆ ಎಮ್ಮೆಯೂ ತಲೆ ಎತ್ತುತ್ತಿರಲಿಲ್ಲ. ಚೌಕಾಸಿಗಿಳಿದೆ.

“ವೀರೇಶಾ, ನಾಳೆ ಇನ್ನೊಂದ್ಸಲ ನಾನ ಹತ್ತತೀನಿ, ಆಮ್ಯಾಲೆ ನೀನು. ಬದ್ಲಿಗೆ ನನ್ನ ಹೊಸ ಹಗ್ಗ ನಿನ್ನ ಕಡೀನ ಇರಲಿ.”

“ಹಗ್ಗ ನೀವ ಇಟ್ಕೊಳ್ರಿ ಅಣ್ಣಾ. ಈಗ ನನ್ನ ಹಿಡ್ಯಾಕ ಬೇಕಾಗ್ತೈತಿ,” ಎಂದು ನಕ್ಕ.

ನಾನು ಹಗ್ಗ ಸರಿಪಡಿಸುತ್ತಿದ್ದಾಗ ಅವನ ಗೆಳೆಯರು ಬಂಡೆಯ ಬುಡಕ್ಕೇ ಕಾಯಿ ಒಡೆದು ಕೈಮುಗಿದರು. ವೀರೇಶ ಹೊರಟ. ಅವನು ಬಿದ್ದರೆ ತಡೆಯಲು ಕೆಳಗೆ ಹಗ್ಗ ಹಿಡಿದು ನಿಂತವನು ನಾನೇ. ಅವನು ಎಲ್ಲಿ ತಪ್ಪುತ್ತಾನೆಂದು ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ. ನಡುಭಾಗ ತಲುಪಿದಾಗ ಕಂಡಿತು: ಬಲಗಾಲು ಇಟ್ಟಲ್ಲೆಲ್ಲ ಮಣ್ಣಿನ ಗುರುತು. ಕಾಯಿಯ ನೀರು ತುಳಿದ ಶೂ ಕೆರೆದಂಡೆಯ ಮಣ್ಣನ್ನು ಮೆತ್ತಿಕೊಂಡಿತ್ತು. ಅಂಥ ಅಡಿ ನುಣುಪು ಗ್ರಾನೈಟಿನ ಮೇಲೆ ನಿಲ್ಲುವುದಿಲ್ಲ. ಕೊನೆಯ ಬೋಲ್ಟ್ ಅವನಿಗಿಂತ ಬಹಳ ಕೆಳಗಿತ್ತು. ಜಾರಿದರೆ ಹಗ್ಗ ಬಿಗಿಯುವ ಮೊದಲೇ ಕೆಳಗೆ ಹೊರಚಾಚಿದ ಕಲ್ಲಿಗೆ ಬಡಿಯುತ್ತಿದ್ದ. ಮುಂದಿನ ಹಿಡಿತಕ್ಕೆ ತಡಕಾಡುತ್ತಾ ಅವನು ಅಲ್ಲೇ ನಿಂತ.

ಹೇಳಿದರೆ ದಾರಿ ಅವನದಾಗುತ್ತದೆ. ಅದೂ ನನಗೆ ಗೊತ್ತಿತ್ತು.

“ಲೇ ವೀರೇಶಾ! ಬಲಗಾಲಿನ ಶೂ ಪ್ಯಾಂಟಿಗೆ ಒರಸ್ಲೇ! ಅಡಿಗೆ ಮಣ್ಣು ಮೆತ್ತೈತಿ!”

“ಕಾಲು ಎತ್ತಾಕ ಆಗಂಗಿಲ್ರಿ ಅಣ್ಣಾ!”

“ಎಡಗೈ ಕಡೆ ಸಣ್ಣ ಸೀಳು ಐತಿ ನೋಡು, ನಾನ ಕೆರದಿಟ್ಟೀನಿ. ಬೆರಳು ತುರುಕು, ಆಮ್ಯಾಲೆ ಎತ್ತು!”

ತುರುಕಿದ. ಒರೆಸಿದ. ಹತ್ತಿಯೇಬಿಟ್ಟ. ತುದಿಯಿಂದ, “ವೀರೇಶನ ದಾರಿ!” ಎಂದು ಕೂಗಿದ. ಬಟ್ಟೆ ಒಗೆಯುವವರು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಶಾಂತಾ ಕೇಳಿದಳು: “ನೀವು ಬಾಯಿ ಮುಚ್ಕೊಂಡಿದ್ರ ಹೆಸರು ನಂದ ಇರ್ತಿತ್ತಲ್ಲ?”

“ಇರ್ತಿತ್ತು. ಆಮ್ಯಾಲೆ ಆ ಬಂಡೆ ಕಡೆ ಹೋಗಾಕ ನಿನಗ ಮನಸ್ಸು ಬರ್ತಿತ್ತೇನು?”

“ಅದೂ ಖರೇನ. ಆದ್ರೂ ಹೊಟ್ಟಿ ಉರೀತೈತ್ರಿ.”

“ನನಗೂ.”

ಈಗಲೂ ಗಿರಾಕಿಗಳಿಗೆ ಆ ದಾರಿಯ ಹೆಸರು ಹೇಳುವಾಗ ಬೋಲ್ಟ್ ಹೊಡೆದವನು ನಾನೆಂದು ಸೇರಿಸಿಯೇ ಬಿಡುತ್ತೇನೆ. ಈ ಕೆಲಸಕ್ಕೆ ಬರುವವರಿಗೆ ಹೊಟ್ಟೆಕಿಚ್ಚು ಬಿಡಿ ಎಂದು ನಾನು ಉಪದೇಶಿಸುವುದಿಲ್ಲ. ಬಿಡಲು ಆಗುವುದೂ ಇಲ್ಲ. ಅವನ ಗೆಳೆಯರೆಲ್ಲ ಅಂದು ಅವನು ಹತ್ತುವ ಚಂದ ನೋಡುತ್ತಿದ್ದರು, ಶೂ ನೋಡಿದವನು ನಾನೊಬ್ಬನೇ. ಆಗದವನ ಹಗ್ಗ ಹಿಡಿದಾಗ ಅವನ ತಪ್ಪನ್ನು ಧಾರಾಳವಾಗಿ ಹುಡುಕಿ. ಆದರೆ ಕಂಡ ಕೂಡಲೇ ಕೂಗಿ ಹೇಳಿ. ಉರಿದುಕೊಳ್ಳಲು ಆಮೇಲೆ ಬೇಕಾದಷ್ಟು ಸಮಯವಿರುತ್ತದೆ.