ಫೋನ್ ಹಿಡಿದು ನಿಂತವನು

ಮಳೆಗಾಲ ಬಂತೆಂದರೆ ಗೋವಾದ ಝುವಾರಿನಗರದ ನಮ್ಮ ಮನೆಯಲ್ಲಿ ದೇವರಿಗೂ ಬೂಸ್ಟು ಹಿಡಿಯುತ್ತದೆ. ಅವತ್ತು ಬೆಳಿಗ್ಗೆ ಫೋಟೋಗಳನ್ನೆಲ್ಲ ಗೋಡೆಯಿಂದ ಇಳಿಸಿ, ನೆಲಕ್ಕೆ ಪೇಪರ್ ಹಾಸಿ, ಒಂದೊಂದರ ಬೆನ್ನನ್ನು ಒಣಬಟ್ಟೆಯಿಂದ ಒರೆಸುತ್ತಿದ್ದೆ. ಎಲ್ಲಮ್ಮ, ವೀರಭದ್ರ, ಹಣಮಪ್ಪ ಸಾಲಾಗಿ ಗೋಡೆಗೊರಗಿ ಕೂತಿದ್ದರು. ಆಗ ಹುಬ್ಬಳ್ಳಿಯಿಂದ ಅಕ್ಕನ ಮಗನ ಫೋನ್ ಬಂತು.

ಬೆಳಗಿನ ಜಾವ ಅಕ್ಕನಿಗೆ ಎದೆನೋವು ಬಂದಿದೆ, ದವಾಖಾನೆಗೆ ತಂದಿದ್ದೇವೆ, ಇನ್ನು ಸ್ವಲ್ಪ ಹೊತ್ತಿಗೆ ಆಪರೇಶನ್‌ಗೆ ಒಳಗೆ ಕರೆದೊಯ್ಯುತ್ತಾರೆ ಎಂದ. ಫೋನನ್ನು ಅವಳ ಕಿವಿಗೆ ಹಿಡಿದ.

ಅಕ್ಕ ನನಗೆ ತಾಯಿ ಇದ್ದ ಹಾಗೆ. ಅವ್ವ ಹೋದ ಮೇಲೆ ನನ್ನ ತಲೆ ಬಾಚಿದವಳು, ನನ್ನ ಲಗ್ನ ಮಾಡಿದವಳು ಅವಳೇ. ಅವಳ ಫೋನ್ ಬೈಗುಳವಿಲ್ಲದೆ ಎಂದೂ ಶುರುವಾದದ್ದಿಲ್ಲ. ಯಾಕೆ ಫೋನ್ ಮಾಡಲಿಲ್ಲ, ಯಾಕೆ ಊರಿಗೆ ಬರಲಿಲ್ಲ, ಗೋವಾದ ನೀರು ಕುಡಿದು ದೊಡ್ಡವಳಾದೆಯಾ ಎಂದು ಮೊದಲು ನಾಲ್ಕು ಮಾತು ಬೈದೇ ಮುಂದಿನ ಸುದ್ದಿ. ಅವತ್ತು ಮಾತ್ರ ಮೆತ್ತಗೆ ಕೇಳಿದಳು, "ಅಲ್ಲಿ ಮಳಿ ಭಾಳ ಐತೇನು? ತಲಿ ಚಲೋತ್ನಂಗ ಒರಿಸ್ಕೋ ತಂಗೆವ್ವ. ನಿನಗ ನೆಗಡಿ ಲಗೂ ಹಿಡಿತೈತಿ."

ಹೂಂ ಎಂದೆ.

ಯಜಮಾನರು ಆಫೀಸಿನಿಂದಲೇ ಎಲ್ಲ ಕಡೆ ವಿಚಾರಿಸಿದರು. ಮೊಲೆಂ ದಾಟಿ ಘಟ್ಟದಲ್ಲಿ ಗುಡ್ಡ ಕುಸಿದಿದೆ, ಬಸ್ಸುಗಳು ತಿರುಗಿ ಬರುತ್ತಿವೆ. ಹಳಿ ಮೇಲೂ ಮಣ್ಣು, ರೈಲಿಲ್ಲ. ಸಾಂಖಳಿ ಮೇಲಿನ ದಾರಿಗೆ ಮರ ಉರುಳಿದೆ. ಕಾರವಾರ ಸುತ್ತಿ ಹೋಗೋಣವೆಂದರೆ ಇವತ್ತಿಗೆ ಗಾಡಿ ಸಿಗುತ್ತಿಲ್ಲ, ನಾಳೆ ನಸುಕಿನಲ್ಲಿ ಹೊರಡೋಣ ಎಂದರು. ತಪ್ಪು ಅವರದಲ್ಲ. ಆದರೂ ಫೋನ್ ಇಟ್ಟ ಮೇಲೆ ಚೀಲಕ್ಕೆ ಎರಡು ಸೀರೆ ತುಂಬಿ, ಬಾಗಿಲ ಹತ್ತಿರ ಇಟ್ಟು, ಅದನ್ನೇ ನೋಡುತ್ತ ನಿಂತೆ. ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದರಿಂದ ಮಗಳು ಮನೆಯಲ್ಲಿದ್ದಳು. ದೇವರು ಮಾಡಿದ ಉಪಕಾರ ಅದು, ಒಬ್ಬಳೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ. ಅವಳು ನೆಲದ ಮೇಲಿನ ಸಾಲನ್ನು ನೋಡಿ ಅಂದಳು, "ಹಣಮಪ್ಪಗ ಹೇಳ್ ಮಮ್ಮಿ. ಗುಡ್ಡ ಎತ್ತೂದು ಅವಂದ ಕೆಲಸ."

ಬೈಯಬೇಕೆಂದುಕೊಂಡೆ. ಆದರೆ ನಾನೂ ಅದನ್ನೇ ಬೇಡಿಕೊಂಡು ನಿಂತಿದ್ದೆ.

ನಮ್ಮ ತವರಿನಲ್ಲಿ ಒಂದು ಪದ್ಧತಿ. ಮನೆಯ ಯಾರಿಗೇ ಆಪರೇಶನ್ ಆಗಲಿ, ಅವರು ಹೊರಗೆ ಬರುವ ತನಕ ದೀಪ ಆರಬಾರದು, ಹಚ್ಚಿದವರೇ ಕಾವಲು ಕೂರಬೇಕು. ಕಡ್ಡಿಪೆಟ್ಟಿಗೆ ತಂಪು ಹಿಡಿದಿರಲಿಲ್ಲ, ಅದೂ ಒಂದು ಪುಣ್ಯ. ಇಳಿಸಿದ ಫೋಟೋಗಳನ್ನು ಒರೆಸುವುದು ಅರ್ಧಕ್ಕೇ ಬಿಟ್ಟು ನೆಲದ ಮೇಲೆಯೇ ದೀಪ ಹಚ್ಚಿ ಕೂತೆ. ಎದುರಿಗೆ ಟಿವಿ. ನನ್ನ ಮನಸ್ಸು ಬೇರೆ ಕಡೆ ಹೋಗಲೆಂದೇ ಇರಬೇಕು, ಮಗಳು ಒಂದು ಸಿನಿಮಾ ಹಚ್ಚಿದಳು. ಏಳು ಮಂದಿ ಶೂರರು ಸೇರಿ ಊರು ಉಳಿಸುವ ಸಿನಿಮಾ, ಹಿಂದಿಯಲ್ಲಿ.

ಒಬ್ಬಳು ಸಿಡಿಲನ್ನು ಕೈಯಲ್ಲಿ ಹಿಡಿಯುತ್ತಾಳೆ. ಒಬ್ಬ ಮುದುಕ ಗಾಳಿಯಲ್ಲಿ ಹಾರುತ್ತಾನೆ. ಒಬ್ಬ ದಪ್ಪನೆಯವನು ಸೇತುವೆಯನ್ನೇ ಹೆಗಲ ಮೇಲೆ ಹೊರುತ್ತಾನೆ. ಬರೀ ಧಡಧಡ. ಕಟ್ಟಡ ಬೀಳುತ್ತದೆ, ಕಾರುಗಳು ಎಲೆಯ ಹಾಗೆ ಹಾರುತ್ತವೆ, ನನಗೆ ಏನೂ ಅನಿಸಲಿಲ್ಲ. ಇಷ್ಟು ಜನ ಹಾರುತ್ತಾರೆ, ನನ್ನನ್ನು ಒಂದು ಘಟ್ಟ ದಾಟಿಸುವವರು ಇಲ್ಲವಲ್ಲ ಎನಿಸಿತು, ಅಷ್ಟೇ.

ಆಮೇಲೆ ಗದ್ದಲ ನಿಂತಿತು. ಏಳೂ ಜನ ಒಂದು ಖಾಲಿ ಕ್ಯಾಂಟೀನಿನಲ್ಲಿ ಕೂತು ಕಿತ್ತಳೆ ಸುಲಿದು ತಿಂದರು. ಪಂಕ್ತಿಯಲ್ಲಿ ಎಲೆ ಎಲೆಗೂ ಉಪ್ಪಿನಕಾಯಿ ಬಡಿಸುತ್ತೇವಲ್ಲ, ಹಾಗೆ ಸಿನಿಮಾದವರು ಒಬ್ಬೊಬ್ಬರಿಗೂ ಚೂರು ಚೂರು ಕಷ್ಟಸುಖದ ಮಾತು ಬಡಿಸಿದ್ದರು. ಮುದುಕನಿಗೆ ಮೊಣಕಾಲು ನೋವು. ಸಿಡಿಲು ಹಿಡಿಯುವವಳಿಗೆ ಕತ್ತಲೆಂದರೆ ಹೆದರಿಕೆ. ಅಲ್ಲಿಂದ ಅವರು ನನಗೆ ನಮ್ಮ ಓಣಿಯವರ ಹಾಗೆ ಕಂಡರು. ಸೇತುವೆ ಹೊರುವವನು ಎದ್ದು ಮೂಲೆಗೆ ಹೋಗಿ ತಂಗಿಗೆ ಫೋನ್ ಮಾಡಿದ. ಬೆಕ್ಕಿಗೆ ಹಾಲು ಹಾಕಿದೆಯಾ ಎಂದು ಕೇಳಿದ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ನನಗೆ ಉಸಿರು ಹಗುರಾಯಿತು. ಎಲ್ಲ ಮುಗಿಯಿತು, ಇನ್ನು ಮನೆಗೆ ಹೋಗುತ್ತಾರೆ ಎಂದುಕೊಂಡೆ.

"ಈಗ ಇಂವ ಹೋಗ್ತಾನ ನೋಡು," ಎಂದಳು ಮಗಳು.

"ಎಲ್ಲಿಗೆ?"

"ಸಾಯ್ತಾನ ಮಮ್ಮಿ. ಸುಮ್ನ ಬೆಕ್ಕಿನ ಮಾತು ಯಾಕ ತರ್ತಾರ? ಅವ ಸತ್ತಾಗ ನಾವು ಅಳಬೇಕಲ್ಲ, ಅದಕ್ಕ."

ನನಗೆ ಅಕ್ಕನ ದನಿ ಕೇಳಿಸಿತು. ತಲಿ ಚಲೋತ್ನಂಗ ಒರಿಸ್ಕೋ ತಂಗೆವ್ವ. ಈ ಜನ್ಮದಲ್ಲಿ ಬೈಯದೆ ಮಾತಾಡಿದ್ದು ಅದೊಂದೇ ಸಲ.

"ನಿಲ್ಲಸು," ಎಂದೆ.

"ಏನು?"

"ಅದನ್ನ ನಿಲ್ಲಸು ಅಂದೆ. ಮುಂದ ಹೋಗೂದು ಬ್ಯಾಡ."

ಅವಳು ರಿಮೋಟ್ ಒತ್ತಿದಳು. ಅವನು ಕಿವಿಗೆ ಫೋನ್ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ಹಾಗೇ ನಿಂತ. ಮಗಳು ನನ್ನ ಮುಖ ನೋಡಿದಳು. ಅವಳಿಗೂ ಹೊಳೆಯಿತೆಂದು ಕಾಣುತ್ತದೆ. ಇದು ಸಿನಿಮಾ ಅಷ್ಟೇ ಮಮ್ಮಿ ಎಂದು ಹೇಳಿ, ಹತ್ತಿರ ಬಂದು ನನ್ನ ಸೆರಗಿನ ತುದಿ ಹಿಡಿದು ಕೂತಳು. ಸಿನಿಮಾ ಎಂದು ನನಗೂ ಗೊತ್ತು. ಅದನ್ನು ನಿಲ್ಲಿಸುವುದಾದರೂ ನನ್ನ ಕೈಯಲ್ಲಿತ್ತು. ಹುಬ್ಬಳ್ಳಿಯಲ್ಲಿ ಆಗುತ್ತಿದ್ದುದಕ್ಕೆ ರಿಮೋಟ್ ಎಲ್ಲಿಂದ ತರಲಿ? ದೀಪಕ್ಕೆ ಎಣ್ಣೆ ಹಾಕುತ್ತ, ಎಲ್ಲಮ್ಮನ ಹೆಸರು ಹೇಳುತ್ತ ಕೂತೆ. ಅನ್ನ ಮಾಡಲಿಲ್ಲ. ಮಗಳು ಚುರುಮುರಿ ತಿಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೋನ್ ಬಂತು.

"ಹೊರಗ ತಂದಾರ್ರಿ ಚಿಗವ್ವ," ಎಂದ ಅಕ್ಕನ ಮಗ. "ಇನ್ನೂ ಎಚ್ಚರಾಗಿಲ್ಲ. ನಾಳೆತನಕ ಏನೂ ಹೇಳಾಕ ಬರೂದಿಲ್ಲ ಅಂತಾರ ಡಾಕ್ಟರು."

ಹೊರಗೆ ಬಂದಳಲ್ಲ, ಉಸಿರಿದೆಯಲ್ಲ. ಆ ಮಳೆಯಲ್ಲೂ ಫೋನ್ ಹತ್ತಿತಲ್ಲ. ಇಷ್ಟನ್ನು ಎಣಿಸಿಕೊಂಡೆ. ಇದಕ್ಕಿಂತ ಹೆಚ್ಚು ಎಣಿಸಲು ಏನೂ ಇರಲಿಲ್ಲ. ಪದ್ಧತಿಯ ಪ್ರಕಾರ ಇನ್ನು ದೀಪ ಆರಿದರೂ ನಡೆಯುತ್ತಿತ್ತು. ನನಗೆ ಮನಸ್ಸಾಗಲಿಲ್ಲ, ಇನ್ನೊಂದು ಬತ್ತಿ ಹೊಸೆದು ಇಟ್ಟೆ.

ಅಷ್ಟರಲ್ಲಿ, ಬಹಳ ಹೊತ್ತು ಹಾಗೇ ನಿಲ್ಲಿಸಿಟ್ಟಿದ್ದ ಟಿವಿ ತಾನೇ ಕಪ್ಪಾಯಿತು. ನಾನು ಎದೆ ಹಿಡಿದುಕೊಂಡದ್ದು ನೋಡಿ ಮಗಳು, "ಹೆದರಬ್ಯಾಡ ಮಮ್ಮಿ, ಅಲ್ಲೇ ಅದಾನ," ಎಂದಳು. ಒಂದು ಗುಂಡಿ ಒತ್ತಿ ತೋರಿಸಿದಳು. ಸೇತುವೆ ಹೊರುವವನು ಫೋನ್ ಹಿಡಿದು ನಿಂತೇ ಇದ್ದ.

ಮುಂದಿನದು ಹಚ್ಚದೆ ಅವಳು ರಿಮೋಟ್ ಕೆಳಗಿಟ್ಟಳು. ನಾನು ಬಟ್ಟೆ ಎತ್ತಿಕೊಂಡು, ಒರೆಸದೆ ಬಿಟ್ಟಿದ್ದ ಎಲ್ಲಮ್ಮನ ಫೋಟೋ ತೊಡೆಯ ಮೇಲಿಟ್ಟುಕೊಂಡು, ಅದರ ಬೆನ್ನಿನ ಬೂಸ್ಟನ್ನು ಮೂಲೆಯಿಂದ ಒರೆಸತೊಡಗಿದೆ.